ಓದುಗರ ಪ್ರಶ್ನೆ: ಕೊಂಡಿ ಎಲ್ಲಿ ಕಳಚಿತು?

ಹೋದ ತಿಂಗಳು ಇದೇ ಅಂಕಣದಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಇತಿಹಾಸ, ವಿಜ್ಞಾನ, ಕೃಷಿ, ಪೇಪರಿನ ಲೇಖನ, ಹೀಗೆ ಕತೆ-ಕಾದಂಬರಿ ಅಲ್ಲದ್ದನ್ನು ಓದುವಾಗ ಒಂದು ಮಾತನ್ನು ಇನ್ನೊಂದಕ್ಕೆ ಕಟ್ಟಿರುವ ಕೊಂಡಿ ಯಾವುದು ಅಂತ ನೋಡಿ, ಎಂದು. ಅಷ್ಟು ಹೇಳಿ ಬೇರೆ ಪ್ರಶ್ನೆಗೆ ಹೋಗಿಬಿಟ್ಟಿದ್ದೆ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದನ್ನೇ ಹಿಡಿದು ಜಗ್ಗಿವೆ. "ಕೊಂಡಿ ಅಂದರೆ ಏನು, ಸ್ವಲ್ಪ ಬಿಡಿಸಿ ಹೇಳಿ" ಅಂತ ಕೆಲವರು, "ಹೇಳೋದು ಸುಲಭ ಮೇಡಂ" ಅಂತ ಇನ್ನು ಕೆಲವರು. ಸರಿ, ಈ ಸಲ ಪೂರ್ತಿ ಅದೇ. ಹಾಸನದಲ್ಲಿ ಮೂರು ದಿನದಿಂದ ಮಳೆ ಹಿಡಿದುಕೊಂಡಿದೆ, ನನಗೂ ಹೊರಗೆ ಹೋಗುವ ಕೆಲಸವಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗಳು ಸೆಕೆಂಡ್ ಪಿಯುಸಿ, ಆರ್ಟ್ಸ್. ಸೋಮಾರಿ ಅಲ್ಲ. ಇತಿಹಾಸದ ಪುಸ್ತಕದ ತುಂಬ ಹಳದಿ ಹೈಲೈಟರ್ ಎಳೆದಿದ್ದಾಳೆ. ಯಾವ ಇಸವಿ ಕೇಳಿದರೂ ಹೇಳುತ್ತಾಳೆ. ಆದರೆ "ಯಾಕೆ ಹಾಗಾಯಿತು" ಅಂತ ಕೇಳಿದರೆ ಸುಮ್ಮನಾಗುತ್ತಾಳೆ, ಇಲ್ಲವೇ ಇಡೀ ಪುಟ ಒಪ್ಪಿಸುತ್ತಾಳೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆಲ್ಲ ಪೂರ್ತಿ ಅಂಕ, ದೊಡ್ಡ ಪ್ರಶ್ನೆಗೆ ಅರ್ಧ. ಏನು ಮಾಡಲಿ?
– ಸಕಲೇಶಪುರದಿಂದ ಒಬ್ಬ ತಂದೆ

ಉತ್ತರ: ಸರ್, ಮೊದಲು ಆ ಹಳದಿ ಪೆನ್ನನ್ನು ಒಂದು ತಿಂಗಳು ಎತ್ತಿಡಿ. ಬೈಯಬೇಡಿ, ಎತ್ತಿಡಿ ಅಷ್ಟೇ. ಹೈಲೈಟರ್ ಹಿಡಿದ ಕೈ ಇಸವಿ, ಹೆಸರು, ಊರು ಇವಕ್ಕೆಲ್ಲ ಬಣ್ಣ ಬಳಿದು, ನಡುವೆ ಇರುವ ಸಣ್ಣಪುಟ್ಟ ಮಾತುಗಳನ್ನು ಬಿಳಿಯಾಗಿ ಬಿಟ್ಟು ಮುಂದೆ ಹೋಗುತ್ತದೆ. ನಿಮ್ಮ ಮಗಳಿಗೆ ಬೇಕಾದ "ಯಾಕೆ" ಇರುವುದು ಆ ಬಿಳಿ ಜಾಗದಲ್ಲಿ.

ಆದ್ದರಿಂದ, ಆದರೆ, ಏಕೆಂದರೆ, ಹೀಗಾಗಿ, ಇವನ್ನು ಹುಡುಕಿ ಗುರುತು ಹಾಕು ಅಂತ ಟ್ಯೂಷನ್ನಿನಲ್ಲಿ ಹೇಳಿಕೊಡುತ್ತಾರೆ. ತಪ್ಪೇನಿಲ್ಲ. ಆದರೆ ಕನ್ನಡದಲ್ಲಿ ಬರೀ ಇವನ್ನು ಹುಡುಕಿಕೊಂಡು ಹೊರಟರೆ ಅರ್ಧ ಕೊಂಡಿಗಳು ಕೈಗೇ ಸಿಗುವುದಿಲ್ಲ, ಯಾಕಂದ್ರೆ ನಮ್ಮ ಭಾಷೆ ಕೊಂಡಿಯನ್ನು ಕ್ರಿಯಾಪದದ ಬಾಲದಲ್ಲಿ ಬಚ್ಚಿಡುತ್ತದೆ. ನಿಮ್ಮ ಕಡೆಯ ಮಾತನ್ನೇ ತಗೊಳ್ಳಿ, ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆಗೆ ಹೂಮಳೆ ಅಂತೀರಲ್ಲ, ಅದು. "ಹೂಮಳೆ ಬಂದರೆ ಹೂ ಬಿಡುತ್ತದೆ." "ಹೂಮಳೆ ಬಂದರೂ ಹೂ ಬಿಡಲಿಲ್ಲ." "ಹೂಮಳೆ ಬಂದಿದ್ದರಿಂದ ಹೂ ಬಿಟ್ಟಿತು." "ಹೂಮಳೆ ಬಂದ ಮೇಲೆ ಮಗಳ ಮದುವೆ ಮಾಡಿದರು." ಮಳೆ ಅದೇ. ಮೊದಲನೆಯದು ಷರತ್ತು, ಎರಡನೆಯದು ನಿರೀಕ್ಷೆ ತಪ್ಪಿದ್ದು, ಮೂರನೆಯದು ಕಾರಣ, ನಾಲ್ಕನೆಯದು ಬರೀ ಹೊತ್ತಿನ ಲೆಕ್ಕ, ಮಳೆಗೂ ಮದುವೆಗೂ ಬೇರೆ ಸಂಬಂಧವಿಲ್ಲ. "ರೆ"ಗೂ "ರೂ"ಗೂ ಇರುವುದು ಒಂದು ಸ್ವರದ ವ್ಯತ್ಯಾಸ, ತೋಟದವರಿಗೆ ಅದು ಒಂದು ವರ್ಷದ ಬೆಳೆಯ ವ್ಯತ್ಯಾಸ.

ಈ ಸ್ವರದಿಂದ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದು ಕಚೇರಿಯ ಗೋಡೆಗೆ ಚೀಟಿ ಅಂಟಿಸಿದ್ದರು: "ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದರೂ ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಬರಬೇಕು." ನಾನು ಅವಸರದಲ್ಲಿ "ಹಾಕಿದ್ದರೆ" ಅಂತ ಓದಿಕೊಂಡೆ. ನಾನು ಅರ್ಜಿ ಹಾಕಿದ್ದು ಕಾಗದದಲ್ಲಿ, ಹಾಗಾಗಿ ಇದು ನನಗಲ್ಲ ಅಂದುಕೊಂಡು ಆರಾಮಾಗಿ ಮನೆಯಲ್ಲಿ ಕೂತೆ. ಕೊನೆಯ ದಿನ ಕಳೆಯಿತು. ನಲವತ್ತು ವರ್ಷ ಕನ್ನಡ ಓದಿಕೊಂಡು ಬಂದವಳ ಕತೆ ಇದು, ಇನ್ನು ಹದಿನೇಳು ವರ್ಷದ ಹುಡುಗಿಯನ್ನು ಏನಂತ ಬೈಯೋದು.

ಇವೆಲ್ಲಕ್ಕಿಂತ ದೊಡ್ಡ ಕಳ್ಳ ಅಂದರೆ "ಬಂದು, ಮಾಡಿ, ಗೆದ್ದು, ಸೋತು" ಈ ಜಾತಿಯದು. "ಮಳೆ ಬಂದು ಕೆರೆ ತುಂಬಿತು" ಅಂದರೆ ಮಳೆಯೇ ಕಾರಣ. "ಬಸ್ಸು ಬಂದು ಹೋಯಿತು" ಅಂದರೆ ಒಂದಾದ ಮೇಲೆ ಒಂದು, ಅಷ್ಟೇ. ಎರಡರಲ್ಲೂ "ಬಂದು" ಒಂದೇ ಥರ ಇದೆ. ಎಲ್ಲಿ ಕಾರಣ, ಎಲ್ಲಿ ಬರೀ ಸಾಲು ಅಂತ ಓದುವವರೇ ತೀರ್ಮಾನ ಮಾಡಬೇಕು. ಇತಿಹಾಸದ ಪುಸ್ತಕದಲ್ಲಿ ಇಂಥವು ಪುಟಕ್ಕೆ ಹತ್ತು ಸಿಗುತ್ತವೆ.

ಈಗ ಈ ಮೂರು ವಾಕ್ಯ ನೋಡಿ, ನಾನೇ ಬರೆದಿದ್ದು. "1975ರ ಜುಲೈನಲ್ಲಿ ಬ್ರೆಜಿಲಿನ ಪರಾನಾ ರಾಜ್ಯದಲ್ಲಿ ಹಿಮ ಕವಿದು ಕಾಫಿ ತೋಟಗಳು ಸುಟ್ಟುಹೋದವು. ಆ ವರ್ಷದ ಕುಯ್ಲು ಮುಗಿದಿದ್ದರೂ ಮುಂದಿನ ಬೆಳೆ ನೆಲ ಕಚ್ಚಿತು. ಕಾಫಿಯ ಬೆಲೆ ಏರುತ್ತಾ ಹೋಗಿ 1977ರಲ್ಲಿ ತುದಿ ಮುಟ್ಟಿತು."

ಹೈಲೈಟರ್ ಇಲ್ಲಿ 1975, ಪರಾನಾ, 1977 ಅನ್ನುವುದನ್ನು ಹಿಡಿಯುತ್ತದೆ. ಪೆನ್ಸಿಲ್ ಕೊಟ್ಟು "ಕವಿದು", "ಮುಗಿದಿದ್ದರೂ" ಇವಕ್ಕೆ ಮಾತ್ರ ಸುತ್ತು ಹಾಕಲು ಹೇಳಿ. ಹಿಮ "ಕವಿದು" ಸುಟ್ಟಿದ್ದು ಕಾರಣ. "ಮುಗಿದಿದ್ದರೂ" ಬಂದ ಕೂಡಲೇ ನಿಲ್ಲಬೇಕು: ಕುಯ್ಲು ಮುಗಿದಿತ್ತಲ್ಲ, ಹಾಗಾದರೆ ನಷ್ಟ ಏನಾಯಿತು? ಕಾಯಿ ಆಗಲೇ ಮನೆಗೆ ಬಂದಿತ್ತು, ಸುಟ್ಟಿದ್ದು ಗಿಡ. ಗಿಡ ಹೋದರೆ ಪೆಟ್ಟು ಈ ವರ್ಷಕ್ಕಲ್ಲ, ಮುಂದಿನ ವರ್ಷಗಳಿಗೆ. ಬೆಲೆ 1975ರಲ್ಲೇ ತುದಿ ಮುಟ್ಟದೆ ಎರಡು ವರ್ಷ ಆದಮೇಲೆ ಯಾಕೆ ಮುಟ್ಟಿತು ಅನ್ನುವ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲೇ ಸಿಕ್ಕಿತು. ಸುತ್ತು ಹಾಕಿದ್ದು ಒಂದೇ ಒಂದು "ರೂ"ಗೆ.

ಇನ್ನು ಬರೆಯದೇ ಬಿಟ್ಟ ಕೊಂಡಿಗಳೂ ಇವೆ. ಜುಲೈನಲ್ಲಿ ಹಿಮ ಹೇಗೆ ಬಿತ್ತು? ಬ್ರೆಜಿಲಿನ ಆ ಭಾಗ ಭೂಮಿಯ ದಕ್ಷಿಣಾರ್ಧದಲ್ಲಿದೆ, ನಮಗೆ ಮಳೆಗಾಲವಾದಾಗ ಅವರಿಗೆ ಚಳಿಗಾಲ. ಒಂದು ದೇಶದ ಒಂದು ರಾಜ್ಯದಲ್ಲಿ ಗಿಡ ಸುಟ್ಟರೆ ಜಗತ್ತಿಗೆಲ್ಲ ಬೆಲೆ ಯಾಕೆ ಏರಬೇಕು? ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದೇ, ಪರಾನಾ ಆಗ ಅಲ್ಲಿನ ದೊಡ್ಡ ಕಾಫಿ ಸೀಮೆ. ಬರೆದವರು ಇದು ಓದುವವರಿಗೆ ಗೊತ್ತಿದೆ ಅಂದುಕೊಂಡು ಬಿಟ್ಟಿರುತ್ತಾರೆ. ಗೊತ್ತಿಲ್ಲದ ಮಕ್ಕಳು ಅಲ್ಲಿ ತಡವರಿಸಿ, ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ದಾಟುತ್ತಾರೆ. ನಿಮ್ಮ ಮಗಳು ಇಡೀ ಪುಟ ಒಪ್ಪಿಸುವುದೂ ಬಹುಶಃ ಇದಕ್ಕೇ.

ನೀವೇ ಇನ್ನೂ ಒಂದು ಕೊಂಡಿ ಸೇರಿಸಬಹುದು. ಆಗ ಸಕಲೇಶಪುರದ ಬೆಳೆಗಾರರಿಗೆ ಆ ಬೆಲೆ ನೇರವಾಗಿ ಸಿಕ್ಕಿತಾ? ಆಗಿನ ಕಾಲದಲ್ಲಿ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು, ಈಗಿನ ಹಾಗೆ ಬೇಕಾದವರಿಗೆ ಮಾರುವ ಸ್ವಾತಂತ್ರ್ಯ ಪೂರ್ತಿಯಾಗಿ ಬಂದಿದ್ದು 1990ರ ದಶಕದಲ್ಲಿ. ಅಂದರೆ ಬ್ರೆಜಿಲಿನ ಹಿಮಕ್ಕೂ ಇಲ್ಲಿನ ಕಣಕ್ಕೂ ನಡುವೆ ಒಂದು ಕಚೇರಿ ಕೂತಿತ್ತು. ಊಟದ ಹೊತ್ತಿನಲ್ಲಿ ಅಜ್ಜ ಯಾರಾದರೂ ಇದ್ದರೆ ಕೇಳಿಸಿ, ಪೂಲ್ ಕಾಲದ ಕತೆ ಶುರುವಾದರೆ ಊಟ ಮುಗಿದರೂ ಮುಗಿಯೋದಿಲ್ಲ.

ಏನು ಮಾಡಲಿ ಅಂದಿರಲ್ಲ, ಒಂದೇ ಒಂದು ಅಭ್ಯಾಸ ಹೇಳುತ್ತೇನೆ. ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಲಿ. ಕೊನೆಯ ವಾಕ್ಯದಿಂದ ಹಿಂದಕ್ಕೆ ಹೇಳಲಿ. "ಬೆಲೆ ತುದಿ ಮುಟ್ಟಿತು, ಯಾಕಂದ್ರೆ ಬೆಳೆ ಇರಲಿಲ್ಲ, ಯಾಕಂದ್ರೆ ಗಿಡ ಸುಟ್ಟಿತ್ತು, ಯಾಕಂದ್ರೆ ಹಿಮ ಬಿದ್ದಿತ್ತು." ಬಾಯಿಪಾಠ ಮುಂದಕ್ಕೆ ಮಾತ್ರ ಓಡುತ್ತದೆ. ಹಿಂದಕ್ಕೆ ಬರಬೇಕಾದರೆ ಕೊಂಡಿ ಹಿಡಿದುಕೊಂಡೇ ಬರಬೇಕು. "ಯಾಕಂದ್ರೆ" ಎಲ್ಲಿ ಕೂರುವುದಿಲ್ಲವೋ ಅಲ್ಲಿ "ಅದಕ್ಕೆ ಮೊದಲು" ಅಂತ ಹೇಳಲಿ, ಅದೂ ಸರಿಯೇ.

ಪ್ರಶ್ನೆ: ದಿನಕ್ಕೆ ಎಷ್ಟು ಪುಟ ಓದಿದರೆ ಒಳ್ಳೆಯದು?
– ಚನ್ನರಾಯಪಟ್ಟಣ

ಉತ್ತರ: ಪುಟ ಎಣಿಸಬೇಡಿ. ಕಾದಂಬರಿ ಓದುವ ವೇಗದಲ್ಲಿ ಭೂಗೋಳ ಓದಲು ಹೋಗಬೇಡಿ. ಮೂರು ಪುಟ ಓದಿ ಮನೆಯಲ್ಲಿ ಯಾರಿಗಾದರೂ ಹೇಳಲು ಬಂದರೆ ಆ ದಿನಕ್ಕೆ ಸಾಕು.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ. ತೋಟ ಇದೆ, ಬಿಡುವೂ ಇದೆ. ಕಾಫಿ ಮಂಡಳಿಯವರ ಕರಪತ್ರ, ಕೃಷಿ ಪತ್ರಿಕೆ ಎಲ್ಲ ಓದುತ್ತೇನೆ. ಓದುವಾಗ ಪೂರ್ತಿ ಅರ್ಥವಾಗುತ್ತದೆ. ಮುಚ್ಚಿಟ್ಟರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ನೆನಪಿರುವುದಿಲ್ಲ. ಇದು ವಯಸ್ಸಿನ ಮರೆವೋ, ಓದುವುದರಲ್ಲೇ ತಪ್ಪೋ?
– ಮೂಡಿಗೆರೆ ಹತ್ತಿರದ ತೋಟದಿಂದ

ಉತ್ತರ: ಮರೆವಿನ ವಿಷಯ ಡಾಕ್ಟರಿಗೆ ಬಿಡೋಣ. ಆದರೆ ನಿಮಗೆ ಒಂದು ಪರೀಕ್ಷೆ: ಗಿಡದ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಕ್ರಮ ಮರೆತಿದ್ದೀರಾ? ಮರೆತಿರಲಾರಿರಿ. ಒಂದು ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು, ಒಂದು ಕೆಜಿ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ. ಮೈಲುತುತ್ತದ ನೀರನ್ನು ನಿಧಾನವಾಗಿ ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಡ್ರಮ್ಮು ಬೇಡ. ಆಮೇಲೆ ಹೊಳೆಯುವ ಚಾಕು ಅದ್ದಿ ನೋಡಬೇಕು. ಅವತ್ತೇ ಹೊಡೆದು ಮುಗಿಸಬೇಕು.

ಇದನ್ನೇ ಒಂದರ ಕೆಳಗೆ ಒಂದು ಆರು ಸಾಲಾಗಿ ಅಚ್ಚು ಹಾಕಿದ ಕಾಗದವನ್ನು ಹಾಸನ ಪೇಟೆಯ ಯಾರಿಗಾದರೂ ಕೊಡಿ, ಮಾರನೆಯ ದಿನ ಅದರಲ್ಲಿ ಮೂರು ಮರೆತಿರುತ್ತಾರೆ. ನಿಮಗೆ ನೆನಪಿರುವುದು ಪ್ರತಿ ಹೆಜ್ಜೆಯ ಹಿಂದೆ ಒಂದು ಕಾರಣವನ್ನು ಕೈಯಾರೆ ಕಂಡಿದ್ದೀರಿ ಅನ್ನುವುದಕ್ಕೆ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಗಸಿ ದಪ್ಪವಾಗಿ ಬೇಗ ತಳಕ್ಕೆ ಕೂರುತ್ತದೆ, ಎಲೆಗೆ ಸರಿಯಾಗಿ ಹಿಡಿಯುವುದಿಲ್ಲ. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಕಬ್ಬಿಣದ ಡ್ರಮ್ಮು ಬೇಡ ಅನ್ನುವುದಕ್ಕೂ ಕಾರಣ ಅದೇ ಚಾಕು ಹೇಳುತ್ತದೆ, ತಾಮ್ರ ಹೋಗಿ ಕಬ್ಬಿಣದ ಮೇಲೆ ಕೂರುತ್ತದೆ. ನೋಡಿ, ಎರಡು ಹೆಜ್ಜೆಗೆ ಒಂದೇ ಕಾರಣ. ಕರಪತ್ರದಲ್ಲಿ ಅವೆರಡು ದೂರ ದೂರ ಅಚ್ಚಾಗಿರಬಹುದು, ತಲೆಯಲ್ಲಿ ಅಕ್ಕಪಕ್ಕ ಕೂತರೆ ಮರೆಯುವುದು ಕಷ್ಟ.

ಹಾಗಾಗಿ ಹೊಸ ಕರಪತ್ರ ಓದುವಾಗ ಪ್ರತಿ "ಮಾಡಬೇಕು"ಗೆ ಒಂದು "ಮಾಡದಿದ್ದರೆ?" ಹಾಕಿ. ಎಲೆ ತುಕ್ಕು ರೋಗಕ್ಕೆ ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಬೇಕು ಅಂತ ಬರೆದಿರುತ್ತಾರೆ. ಮಾಡದಿದ್ದರೆ? ತುಕ್ಕಿನ ಶಿಲೀಂಧ್ರ ಒಳಗೆ ಹೋಗುವುದು ಅಡಿಯಲ್ಲಿರುವ ಸಣ್ಣ ರಂಧ್ರಗಳಿಂದ, ಮೇಲೆ ಎಷ್ಟು ಹೊಡೆದರೂ ಬಾಗಿಲು ತೆರೆದೇ ಇರುತ್ತದೆ. ಉತ್ತರ ಕರಪತ್ರದಲ್ಲೇ ಎಲ್ಲೋ ಎರಡು ಪ್ಯಾರಾ ಹಿಂದೆ, "ರೋಗದ ಲಕ್ಷಣ" ಅನ್ನುವ ಜಾಗದಲ್ಲಿ ಇರುತ್ತದೆ. ಇಲ್ಲಿ ನೀವು ಮಾಡಬೇಕಾದ ಕೆಲಸ ಆ ಎರಡು ಪ್ಯಾರಾಗಳನ್ನು ಗಂಟು ಹಾಕುವುದು. ಉತ್ತರ ಎಲ್ಲೂ ಸಿಗದಿದ್ದರೆ ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ.

ಬೋರ್ಡೋ ಮಾತು ಬಂತಲ್ಲ, ಅದು ಹುಟ್ಟಿದ ಕತೆಯೂ ಕೊಂಡಿಯ ಕತೆಯೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿ ತೋಟದವರು ರಸ್ತೆ ಬದಿಯ ಸಾಲುಗಳಿಗೆ ಮಾತ್ರ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ರೋಗಕ್ಕಲ್ಲ. ಹೋಗುವವರು ಬರುವವರು ಹಣ್ಣು ಕೀಳಬಾರದು, ನೋಡಿದರೆ ವಿಷ ಅನ್ನಿಸಬೇಕು ಅಂತ. 1882ರಲ್ಲಿ ಮಿಲಾರ್ಡೆ ಅನ್ನುವ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುತ್ತಿದ್ದಾಗ ಗಮನಿಸಿದರು, ಒಳಗಿನ ಬಳ್ಳಿಗಳಿಗೆಲ್ಲ ಬೂಜು ರೋಗ ಹಿಡಿದಿದೆ, ರಸ್ತೆ ಬದಿಯವು ಹಸಿರಾಗಿ ನಿಂತಿವೆ. ಆ ದಾರಿಯಲ್ಲಿ ಎಷ್ಟೋ ಜನ ಓಡಾಡಿರುತ್ತಾರೆ. ಮಿಲಾರ್ಡೆ ಮಾತ್ರ "ಈ ಸಾಲಿಗೂ ಆ ಸಾಲಿಗೂ ಏನು ವ್ಯತ್ಯಾಸ" ಅಂತ ಕೇಳಿಕೊಂಡರು, ಪ್ರಯೋಗ ಮಾಡಿ ನೋಡಿದರು, 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಅಂತ ಹೊಡೆದಿದ್ದು ರೋಗಕ್ಕೆ ಮದ್ದಾಯಿತು. ನಮ್ಮ ಅಡಿಕೆ ಕೊಳೆರೋಗಕ್ಕೂ ಅದೇ ಬಂತು. ಇದನ್ನು ಒಮ್ಮೆ ಓದಿದವರಿಗೆ ಮತ್ತೆ ಮರೆಯುವುದಿಲ್ಲ, ಅಲ್ವಾ? ಅದರಲ್ಲಿ ಇಸವಿ ಎರಡೇ, ಉಳಿದದ್ದೆಲ್ಲ ಕೊಂಡಿ.

ಪ್ರಶ್ನೆ: ನಮ್ಮ ಬ್ಯಾಂಕಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಬರಹ ಬಂತು. "ಸಿಲೋನಿನಲ್ಲಿ 1869ರಲ್ಲಿ ಕಾಫಿಗೆ ತುಕ್ಕು ರೋಗ ಬಂದು ತೋಟಗಳು ನಾಶವಾದವು, ಬೆಳೆಗಾರರು ಟೀ ಹಾಕಿದರು, ಅದಕ್ಕೇ ಇಂಗ್ಲಿಷರು ಕಾಫಿ ಬಿಟ್ಟು ಟೀ ಕುಡಿಯುವವರಾದರು" ಅಂತ. ಓದಲು ಚೆನ್ನಾಗಿದೆ. ನಿಜವಾ? ನಿಜ ಅಲ್ಲದಿದ್ದರೆ ನಮ್ಮಂಥವರಿಗೆ ಗೊತ್ತಾಗೋದು ಹೇಗೆ?
– ಅರಸೀಕೆರೆ

ಉತ್ತರ: ಇದು ನನಗೂ ನಾಲ್ಕು ಕಡೆಯಿಂದ ಬಂದಿದೆ. ಇದರಲ್ಲಿ ಮೂರು ಕೊಂಡಿ ಇವೆ, ಒಂದೊಂದನ್ನೇ ಜಗ್ಗಿ ನೋಡಿ.

ರೋಗ ಬಂದು ತೋಟ ಹೋಯಿತು: ಗಟ್ಟಿ. ತೋಟ ಹೋಗಿದ್ದರಿಂದ ಟೀ ಹಾಕಿದರು: ಇದೂ ಹೆಚ್ಚು ಕಡಿಮೆ ಗಟ್ಟಿ, ಸಿಲೋನಿನಲ್ಲಿ, ಅಂದರೆ ಈಗಿನ ಶ್ರೀಲಂಕಾದಲ್ಲಿ, ಟೀ ತೋಟ 1867ರಲ್ಲೇ ಸಣ್ಣದಾಗಿ ಶುರುವಾಗಿತ್ತು ಅನ್ನುವುದನ್ನು ಬಿಟ್ಟರೆ. ಅಂದರೆ ರೋಗ ಟೀಯನ್ನು ತರಲಿಲ್ಲ, ಆಗಲೇ ಬಂದಿದ್ದ ಟೀಗೆ ಜಾಗ ಮಾಡಿಕೊಟ್ಟಿತು. ಮೂರನೆಯದು "ಅದಕ್ಕೇ ಇಂಗ್ಲಿಷರು." ಇಲ್ಲಿ ಶಾಲೆಯಲ್ಲಿ ಓದಿದ ಒಂದು ಇಸವಿ ನೆನಪು ಮಾಡಿಕೊಳ್ಳಿ. ಅಮೆರಿಕದ ಬಾಸ್ಟನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದಿದ್ದು ಯಾವಾಗ? 1773ರಲ್ಲಿ. ತೆರಿಗೆಯ ಜಗಳಕ್ಕೆ ಟೀ ಸಾಕಾಯಿತು ಅಂದರೆ ಅದು ಆಗಲೇ ಎಷ್ಟು ದೊಡ್ಡ ವ್ಯಾಪಾರವಾಗಿತ್ತು ನೋಡಿ. ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದಲ್ಲೇ ಟೀ ಮನೆಮನೆಯ ಪಾನೀಯವಾಗಿತ್ತು, ಬರುತ್ತಿದ್ದದ್ದು ಚೀನಾದಿಂದ. ಫಲ ಮೊದಲು ಬಂದು ಕಾರಣ ನೂರು ವರ್ಷ ಆದಮೇಲೆ ಬಂದಿತು ಅಂದ ಹಾಗಾಯಿತು.

ಇಂಥ ಬರಹಗಳು ನಂಬಿಕೆ ಗಳಿಸುವುದು ಹೀಗೇ. ಎರಡು ಗಟ್ಟಿ ಕೊಂಡಿ ಆದಮೇಲೆ ಮೂರನೆಯದನ್ನು ಯಾರೂ ಜಗ್ಗಿ ನೋಡುವುದಿಲ್ಲ. ಹಾಗಾಗಿ ಅಂಥ ಬರಹ ಬಂದರೆ ಮೊದಲು ಇಸವಿಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆಯಿರಿ. ಕಾರಣದ ಇಸವಿ ಫಲದ ಇಸವಿಗಿಂತ ಮೊದಲು ಇರಲೇಬೇಕು. ಇದ್ದ ಮಾತ್ರಕ್ಕೆ ಕಾರಣ ಅಂತಲೂ ಅಲ್ಲ, ಆದರೆ ಇಲ್ಲದಿದ್ದರೆ ಅಲ್ಲಿಗೆ ಕತೆ ಮುಗಿಯಿತು.

ಇನ್ನೊಂದು ಉಪಾಯ ಇದೆ, ನನಗೆ ಇದು ಜಾಸ್ತಿ ಇಷ್ಟ. ಅದೇ ಕಾರಣ ಬೇರೆ ಊರಿನಲ್ಲಿ ಏನು ಮಾಡಿತು ಅಂತ ಕೇಳಿ. ತುಕ್ಕು ರೋಗ ನಮ್ಮ ಚಿಕ್ಕಮಗಳೂರು ಕಡೆಗೂ ಬಂತು. ನಾವು ಯಾಕೆ ಟೀಗೆ ಹೋಗಲಿಲ್ಲ? ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು, ರೋಗ ತಡೆಯುವ ತಳಿ ಹುಡುಕಿದರು, ತುಕ್ಕು ಅಷ್ಟಾಗಿ ತಗಲದ ರೋಬಸ್ಟಾ ಕಾಫಿ ಬಂತು, ಬೋರ್ಡೋ ಬಂತು. ಒಂದೇ ರೋಗಕ್ಕೆ ಎರಡು ಕಡೆ ಎರಡು ಫಲ ಬಂದಿದೆ ಅಂದರೆ ನಡುವೆ ಬೇರೆ ಏನೇನೋ ಕೈಗಳು ಕೆಲಸ ಮಾಡಿವೆ ಅಂತಾಯಿತು. ಇದನ್ನು ಗುಂಪಿನಲ್ಲಿ ಹಾಕಿ ನೋಡಿ, ಯಾರೂ ಓದುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಬೇಲೂರಿನವನು, ಗೈಡ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದೇನೆ. ಚೆನ್ನಕೇಶವ ದೇವಸ್ಥಾನದ ಬಗ್ಗೆ ಒಂದು ಪುಸ್ತಕದಲ್ಲಿ ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಗೆದ್ದ ನೆನಪಿಗೆ ಕಟ್ಟಿಸಿದ ಅಂತಿದೆ. ಇನ್ನೊಂದರಲ್ಲಿ ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ಕಟ್ಟಿಸಿದ ಅಂತಿದೆ. ಯಾವುದು ಸರಿ? ಪ್ರವಾಸಿಗಳಿಗೆ ಯಾವುದನ್ನು ಹೇಳಲಿ?

ಉತ್ತರ: ಮೂರನೆಯದು ಇನ್ನೂ ನಿಮ್ಮ ಕೈಗೆ ಬಂದಿಲ್ಲ ಅನ್ನಿಸುತ್ತದೆ. ಕಲ್ಯಾಣ ಚಾಲುಕ್ಯರ ಕೈಕೆಳಗಿನ ಅರಸ ತಾನೂ ಅವರಿಗೆ ಕಡಿಮೆಯಿಲ್ಲ ಅಂತ ತೋರಿಸಲು ಕಟ್ಟಿಸಿದ ಅನ್ನುವವರೂ ಇದ್ದಾರೆ. ಇತಿಹಾಸಕಾರರೇ ಒಪ್ಪಿಲ್ಲದ ಜಾಗದಲ್ಲಿ ಯಾವುದು ಸರಿ ಅಂತ ನಾನು ಹೇಳಿದರೆ ನೀವು ನಂಬಬಾರದು. ಆದರೆ ಎರಡು ಪುಸ್ತಕಗಳನ್ನು ಎದುರು ಬದುರು ಇಟ್ಟು ಓದುವುದು ಹೇಗೆ ಅಂತ ಹೇಳಬಹುದು.

ಮೊದಲು ಎರಡೂ ಪುಸ್ತಕ ಒಪ್ಪುವುದನ್ನು ಬೇರೆ ಮಾಡಿ. ತಲಕಾಡಿನ ಗೆಲುವು 1116ರ ಸುಮಾರಿಗೆ, ದೇವಸ್ಥಾನದ ಪ್ರತಿಷ್ಠೆ 1117ರಲ್ಲಿ. ಇದರಲ್ಲಿ ಜಗಳವಿಲ್ಲ. ಜಗಳ ಇರುವುದು ಈ ಎರಡು ಇಸವಿಗಳ ನಡುವಿನ ಸಣ್ಣ ಜಾಗದಲ್ಲಿ. ಒಂದು ಪುಸ್ತಕ ಅಲ್ಲಿ "ಗೆದ್ದಿದ್ದರಿಂದ" ಅಂತ ಬರೆದಿದೆ. ಇಸವಿಗಳು ಹೇಳುವುದು "ಗೆದ್ದ ಮೇಲೆ" ಅಂತ ಮಾತ್ರ. "ಮೇಲೆ"ಯಿಂದ "ಇಂದ"ಕ್ಕೆ ಹಾರಬೇಕಾದರೆ ಇನ್ನೊಂದು ಸಾಕ್ಷಿ ಬೇಕು. ಸಾಕ್ಷಿ ಇದೆಯಾ? ಒಂದಿದೆ. ಅಲ್ಲಿನ ದೇವರಿಗೆ ವಿಜಯನಾರಾಯಣ ಅನ್ನುವ ಹೆಸರೂ ಇದೆ. ಅದು ಗೆಲುವಿನ ಕಡೆ ಸ್ವಲ್ಪ ತೂಕ ಹಾಕುತ್ತದೆ. ಹೆಸರು ಬರೀ ಹೆಸರೂ ಆಗಿರಬಹುದು, ನಮ್ಮೂರಲ್ಲಿ ವಿಜಯ ಅಂತ ಹೆಸರಿಟ್ಟುಕೊಂಡವರೆಲ್ಲ ಯಾವ ಯುದ್ಧ ಗೆದ್ದರು.

ಇನ್ನು ಎರಡನೆಯ ಪುಸ್ತಕ. ಬಿಟ್ಟಿದೇವ (ವಿಷ್ಣುವರ್ಧನನ ಮೊದಲಿನ ಹೆಸರು) ವೈಷ್ಣವನಾದ, ಆದ್ದರಿಂದ ವಿಷ್ಣುವಿಗೆ ಗುಡಿ ಕಟ್ಟಿಸಿದ. ಕೇಳಲು ನೇರವಾಗಿದೆ. ಆದರೆ ಅದೇ ಕಾಲದ ಬೇರೆ ಕಟ್ಟಡಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. ಹಳೇಬೀಡಿನ ಹೊಯ್ಸಳೇಶ್ವರ, ಶಿವನ ಗುಡಿ, ಇದೇ ಅರಸನ ಕಾಲದಲ್ಲಿ 1121ರ ಸುಮಾರಿಗೆ ಶುರುವಾಯಿತು, ಅದಕ್ಕೆ ಹೊಯ್ಸಳ ದೊರೆಯದೇ ಹೆಸರು. ಅಂದರೆ ವಿಷ್ಣು, ಶಿವ, ಜಿನ ಮೂವರಿಗೂ ಕೆಲವೇ ವರ್ಷಗಳ ಅಂತರದಲ್ಲಿ ಕಲ್ಲು ಕೆತ್ತುತ್ತಿದ್ದರು. ಅರಸ ಮತ ಬದಲಿಸಿದ ಅನ್ನುವ ಕತೆಯನ್ನು ಇದು ಸುಳ್ಳು ಮಾಡುವುದಿಲ್ಲ. ಆದರೆ ಅದೊಂದೇ ಕಾರಣದಿಂದ ಎಲ್ಲ ವಿವರಿಸಲು ಹೊರಟ ಪುಸ್ತಕಕ್ಕೆ ಈ ಎರಡು ಗುಡಿಗಳು ಅಡ್ಡ ನಿಲ್ಲುತ್ತವೆ. ಆ ಪುಸ್ತಕದಲ್ಲಿ ಶಾಂತಲೆಯ ಬಸದಿಯ ಪ್ರಸ್ತಾಪ ಇದೆಯಾ ನೋಡಿ. ಇದ್ದರೆ ಅಲ್ಲಿ ಲೇಖಕರು "ಆದರೂ", "ಹಾಗಿದ್ದೂ" ಅಂತ ಏನಾದರೂ ಬಳಸಿರುತ್ತಾರೆ, ಆ ವಾಕ್ಯವನ್ನು ಎರಡು ಸಲ ಓದಿ. ಲೇಖಕರು ತಮ್ಮ ವಾದಕ್ಕೆ ಒಗ್ಗದ್ದನ್ನು ಹೇಗೆ ನಿಭಾಯಿಸಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಪ್ರಸ್ತಾಪವೇ ಇಲ್ಲದಿದ್ದರೆ ಅದೂ ಒಂದು ಉತ್ತರ.

ಕಲ್ಲಿನ ವಿಷಯವನ್ನೂ ಇದೇ ಥರ ಓದಿ. ಗೈಡುಗಳು "ಬಳಪದ ಕಲ್ಲು ಮೆತ್ತಗೆ, ಆದ್ದರಿಂದ ಕೆತ್ತನೆ ಇಷ್ಟು ಸೂಕ್ಷ್ಮ" ಅನ್ನುತ್ತಾರೆ. ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿ, ಸರಿ. ಆದರೆ ಕಲ್ಲು ಅವಕಾಶ ಕೊಟ್ಟಿತು ಅಷ್ಟೇ. ಮೆತ್ತಗಿನ ಕಲ್ಲು ಸಿಗುವ ಕಡೆಯೆಲ್ಲ ಬೇಲೂರು ಹುಟ್ಟಿಲ್ಲ. ಕಾರಣ ಬೇರೆ, ಅನುಕೂಲ ಬೇರೆ. ಪುಸ್ತಕಗಳಲ್ಲಿ ಈ ಎರಡಕ್ಕೂ "ಆದ್ದರಿಂದ" ಅಂತಲೇ ಬರೆದುಬಿಡುತ್ತಾರೆ.

ಪ್ರವಾಸಿಗಳಿಗೆ? ಮೂರೂ ಹೇಳಿ, ಎರಡು ನಿಮಿಷದಲ್ಲಿ ಆಗುತ್ತದೆ. "ನೀವೇನಂತೀರಿ" ಅಂತ ಕೇಳಿ. ಮಕ್ಕಳನ್ನು ಕರೆದುಕೊಂಡು ಬಂದವರು ಆ ಗೈಡನ್ನು ಮರೆಯುವುದಿಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಉದ್ದದ ಲೇಖನ ಓದಿದರೆ ಅರ್ಧದಲ್ಲಿ ದಾರಿ ತಪ್ಪುತ್ತೇನೆ. ಪೇಪರಿನಲ್ಲಿ ಹಾಗಾಗುವುದಿಲ್ಲ. ಇದು ನನಗೊಬ್ಬಳಿಗೇನಾ?
– ಆಲೂರು

ಉತ್ತರ: ನನಗೂ ಆಗುತ್ತದೆ. ನನ್ನ ಅನುಮಾನ "ಇದು, ಅದು, ಇಂಥ, ಹೀಗೆ" ಈ ಬೆರಳು ತೋರಿಸುವ ಮಾತುಗಳ ಮೇಲೆ. "ಇದರಿಂದ ರೈತರಿಗೆ ನಷ್ಟವಾಯಿತು" ಅಂತ ಬರುತ್ತದೆ. ಯಾವುದರಿಂದ? ಪೇಪರಿನಲ್ಲಿ ಕಣ್ಣು ಮೇಲಕ್ಕೆ ಹೋಗಿ "ಇದು" ತೋರಿಸುತ್ತಿರುವುದನ್ನು ನೋಡಿ ವಾಪಸ್ ಬರುತ್ತದೆ, ನಮಗೇ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಅದು ಪರದೆಯಿಂದ ಮೇಲೆ ಹೋಗಿ ಮಾಯವಾಗಿರುತ್ತದೆ, ಹಿಂದಕ್ಕೆ ಎಳೆಯಲು ಬೆರಳಿಗೆ ಸೋಮಾರಿತನ, ಹೇಗೋ ಊಹಿಸಿಕೊಂಡು ಮುಂದೆ ಹೋಗುತ್ತೇವೆ. ಮೂರು ನಾಲ್ಕು ಊಹೆ ಸೇರಿದರೆ ಲೇಖನ ಹೇಳುವುದೇ ಒಂದು, ನಾವು ಓದುತ್ತಿರುವುದೇ ಇನ್ನೊಂದು.

"ಇದು" ಬಂದಾಗಲೆಲ್ಲ ಹೆಬ್ಬೆರಳು ನಿಲ್ಲಿಸಿ, ಯಾವುದು ಅಂತ ಮನಸ್ಸಿನಲ್ಲೇ ಹೆಸರಿಟ್ಟು ಮುಂದೆ ಹೋಗಿ. ಹೆಸರು ಬರದಿದ್ದರೆ ಮೇಲಕ್ಕೆ ಎಳೆಯಿರಿ. ಮೇಲಕ್ಕೆ ಹೋಗಿ ಹುಡುಕಿದರೂ ಸಿಗಲಿಲ್ಲ ಅನ್ನಿ, ಆಗ ತಪ್ಪು ನಿಮ್ಮದಲ್ಲ, ಬರೆದವರದ್ದು. ಈ ಅಂಕಣದಲ್ಲೇ ಅಂಥದ್ದು ಒಂದೆರಡು ಉಳಿದಿರಬಹುದು. ಸಿಕ್ಕರೆ ಸಾಲಿನ ಸಮೇತ ಬರೆದು ಕಳಿಸಿ.